ಡಬ್ಬಿ ಹಿಡಿದು ಗಿರಣಿಗೆ ಬರುತ್ತಿದ್ದ ಡಾಕ್ಟರಬಾಯಿ

ನಂಬಬೇಡಿ, ನನಗೇನೂ ಬೇಸರವಿಲ್ಲ. ಗಾಜಿಪುರದ ನಮ್ಮ ಓಣಿಯಲ್ಲಿ ನನ್ನ ಮಾತನ್ನು ಒಂದೇ ಸಲಕ್ಕೆ ನಂಬಿದವರು ಯಾರೂ ಇಲ್ಲ. ನನ್ನ ಹೆಂಡತಿಯಂತೂ ಮದುವೆಯಾದ ವಾರದಲ್ಲೇ ಆ ಅಭ್ಯಾಸ ಬಿಟ್ಟಳು. ಆದರೂ ಹೇಳಿಬಿಡುತ್ತೇನೆ: ಕಲಬುರಗಿಯ ಖೂಬಾ ಪ್ಲಾಟಿನಲ್ಲಿ ಒಬ್ಬ ಡಾಕ್ಟರಬಾಯಿ ಇದ್ದರು. ಅವರ ಮನೆಯ ಎದುರಿಗೇ ಹಿಟ್ಟಿನ ಗಿರಣಿ. ಆದರೆ ಅವರು ಜೋಳ ಬೀಸಿಸಿಕೊಂಡು ಬರಲು ಜೀಪು ಮಾಡಿಕೊಂಡು ಹಳ್ಳಿಹಳ್ಳಿಗೆ ಹೋಗುತ್ತಿದ್ದರು. ಸುಳ್ಳು ಅನ್ನುವವರು ಕಮಲಾಪುರಕ್ಕೆ ಹೋಗಿ ಕೇಳಿಕೊಂಡು ಬರಲಿ. ಬರುವಾಗ ಅಲ್ಲಿಯ ಕೆಂಪು ಬಾಳೆಹಣ್ಣು ನನಗೊಂದು ಡಜನ್ ತರಲಿ, ಯಾಕೆಂದರೆ ಪಂದ್ಯ ಗೆಲ್ಲುವವನು ನಾನೇ.

ನಾನು ಹೇಗೆ ಬಲ್ಲೆ ಅಂತೀರಾ? ಆ ಜೀಪು ನನ್ನದು.

ಕಳೆದ ಚಳಿಗಾಲದಲ್ಲಿ ಅವರು ತೀರಿಕೊಂಡರು. ಶ್ರದ್ಧಾಂಜಲಿ ಸಭೆಯಲ್ಲಿ ದೊಡ್ಡವರೆಲ್ಲ ಎದ್ದು ನಿಂತು ಶಿಸ್ತು, ನಿಷ್ಠುರತೆ, ತ್ಯಾಗ ಅಂತ ಮಾತಾಡಿದರು. ಕೊನೆಯ ಸಾಲಿನಲ್ಲಿ ಕುಳಿತಿದ್ದ ನನಗೆ, ತಪ್ಪಿ ಬೇರೆ ಯಾರದೋ ಸಭೆಗೆ ಬಂದೆನೇನೋ ಅನ್ನಿಸಿತು. ನಾನು ಕಂಡ ಡಾಕ್ಟರಬಾಯಿ ದವಡೆಯಲ್ಲಿ ಲವಂಗ ಒತ್ತಿಕೊಂಡು, ಸೀರೆಗೆಲ್ಲ ಹಿಟ್ಟು ಹಚ್ಚಿಕೊಂಡು, ಜೋಳದ ಚೀಲದ ಮೇಲೆ ಕುಳಿತು ಊರಿನ ಅತ್ತೆ ಸೊಸೆಯರ ಜಗಳ ಕೇಳುವ ಹೆಂಗಸು. ಕಂಡಿದ್ದಕ್ಕೆಲ್ಲ ಮಾರ್ಕ್ಸು ಕೊಡುವ ಹೆಂಗಸು.

ಅವರ ಕೆಲಸ ಏನೆಂದು ಮೊದಲು ಹೇಳಬೇಕು. ಊರೂರಿಗೆ ಆರೋಗ್ಯದ ಯೋಜನೆಗಳು ಬರುತ್ತವಲ್ಲ, ಕೈ ತೊಳೆಯಿರಿ, ಮಾತ್ರೆ ನುಂಗಿರಿ, ಉಪ್ಪು ಕಡಿಮೆ ಮಾಡಿರಿ ಅಂತ. ಮಗಳನ್ನು ಕೊಟ್ಟ ಮೇಲೆ ಆಕೆ ಆ ಮನೆಗೆ ಹೊಂದಿಕೊಂಡಳೋ ಇಲ್ಲವೋ ನೋಡಿ ಬಾ ಎಂದು ವರ್ಷ ಬಿಟ್ಟು ಸೋದರತ್ತೆಯನ್ನು ಕಳಿಸುತ್ತಾರೆ. ಯೋಜನೆಗಳ ಪಾಲಿಗೆ ಆ ಸೋದರತ್ತೆ ಇವರು. ಕಾಲೇಜಿನಲ್ಲಿ ಪಾಠ ಹೇಳಿ ನಿವೃತ್ತರಾದ ಮೇಲೆ ಯಾರ್‍ಯಾರೋ ಕರೆದು ಈ ಕೆಲಸ ಒಪ್ಪಿಸುತ್ತಿದ್ದರು. ಇವರು ಹೋಗಿ ನೋಡಿ, ಇದರಿಂದ ಮಂದಿಗೆ ಉಪಯೋಗವಿದೆ ಅಥವಾ ಇಲ್ಲ ಎಂದು ವರದಿ ಬರೆದುಕೊಡುತ್ತಿದ್ದರು.

“ಹತ್ತು ಮಾರ್ಕ್ಸು,” ಅನ್ನುತ್ತಿದ್ದರು. “ಐದು ಉಪಯೋಗಕ್ಕ. ಐದು ಒಗ್ಗೂದಕ್ಕ. ಔಷಧ ಎಷ್ಟ ಛಲೋ ಇದ್ರೇನು, ಗಂಟಲದಾಗ ಇಳೀಲಿಲ್ಲಂದ್ರ ಉಗುಳೂದೇ.”

ಈ ಲೆಕ್ಕ ಯೋಜನೆಗಷ್ಟೇ ಅಲ್ಲ, ಎಲ್ಲದಕ್ಕೂ. ಅಳಿಯ ತಂದುಕೊಟ್ಟ ರೊಟ್ಟಿ ಮಾಡುವ ಯಂತ್ರಕ್ಕೆ ಉಪಯೋಗ ಮೂರು, ಒಗ್ಗುವುದು ಸೊನ್ನೆ. ನನ್ನ ಜೀಪಿನ ಹಿಂದಿನ ಸೀಟಿಗೆ ಎರಡೂ ಸೊನ್ನೆ. ಒಮ್ಮೆ ನಮ್ಮ ಮನೆಗೆ ಊಟಕ್ಕೆ ಬಂದು ನನ್ನ ಹೆಂಡತಿಯ ಪುಂಡಿಪಲ್ಯಕ್ಕೆ ಒಂಬತ್ತು ಕೊಟ್ಟರು.

“ಒಂದು ಯಾಕ ಮುರಿದ್ರಿ, ಬಾಯಿಯವ್ರ?” ಎಂದಳು ನನ್ನ ಹೆಂಡತಿ.

“ಪಲ್ಯಾ ಬರೋಬರ್ ಅದವ್ವಾ. ಉಣ್ಣಾಗ ಈ ಖೋಡಿನ್ನ ನನ್ನ ಬಾಜೂಕ ಕೂಡಿಸಿದಿ ನೋಡು, ಅದಕ್ಕ ಮುರಿದೆ.”

ಖೋಡಿ, ಅಂದರೆ ಕಿತಾಪತಿಯವನು, ನಾನೇ. ಜೀಪು ಹತ್ತಿದ ಮೊದಲ ದಿನ ಇಟ್ಟ ಹೆಸರು, ಕೊನೆಯವರೆಗೂ ಅದೇ. ಅಂಥ ಜಿಪುಣ ಬಾಯಿ ಒಂದು ದಿನ ನನಗೇ ಒಂಬತ್ತು ಮಾರ್ಕ್ಸು ಕೊಟ್ಟರು. ಅದಕ್ಕೆ ಬರುತ್ತೇನೆ, ಸ್ವಲ್ಪ ತಡೆಯಿರಿ.

ಗಿರಣಿಯ ವಿಷಯ. ಹೊಸದರಲ್ಲಿ ನಾನು ಊರು ಮುಟ್ಟಿದ ಕೂಡಲೇ, “ಸಭಾ ಕರಸ್ಲೇನ್ರಿ?” ಎಂದು ಕೇಳುತ್ತಿದ್ದೆ.

“ಸಭಾ ಕರದ್ರ ಏನಾಗ್ತದ? ನಾ ಕುರ್ಚಿ ಮ್ಯಾಲ, ಅವ್ರು ಚಾಪಿ ಮ್ಯಾಲ. ಹೆಂಗದವ್ವಾ ಯೋಜನಾ ಅಂದ್ರ, ಛಲೋ ಅದರಿ ಅಂತಾರ. ಛಲೋ ಅಂದ ಹೊರತು ಈ ಮುದುಕಿ ಎದ್ದು ಹೋಗಂಗಿಲ್ಲ ಅಂತ ಅವರಿಗಿ ಗೊತ್ತದ.”

ಅದಕ್ಕೇ ಅವರು ಖೂಬಾ ಪ್ಲಾಟಿನಿಂದ ಸ್ಟೀಲಿನ ಡಬ್ಬಿಯಲ್ಲಿ ಜೋಳ ತುಂಬಿಕೊಂಡು ಬಂದು, ಊರಿನ ಗಿರಣಿಯಲ್ಲಿ ಸರದಿ ಹಿಡಿಯುತ್ತಿದ್ದರು. ಸರದಿ ಬರುವವರೆಗೆ ಹೆಂಗಸರ ನಡುವೆ ಕುಳಿತಿರಬೇಕು. ಯಾರೂ ಏನೂ ಕೇಳುವಂತಿಲ್ಲ, ಯಾಕೆಂದರೆ ಕೈಯಲ್ಲಿ ಡಬ್ಬಿ ಇದೆ. ಅಲ್ಲಿ ಯಾರು ಮಾತ್ರೆ ನುಂಗುತ್ತಾರೆ, ಯಾರು ತಿಪ್ಪೆಗೆ ಎಸೆಯುತ್ತಾರೆ, ಯಾರ ಸೊಸೆಗೆ ಯಾಕೆ ಆಸ್ಪತ್ರೆ ಬೇಡ, ಎಲ್ಲವೂ ಹಿಟ್ಟಿನ ಜೊತೆ ಉದುರುತ್ತಿತ್ತು. ಅವರ ಮನೆಯವರು ಜಿಲ್ಲೆಯ ಎಷ್ಟು ಊರಿನ ಕಲ್ಲಿನ ಹಿಟ್ಟು ತಿಂದಿದ್ದಾರೋ ದೇವರೇ ಬಲ್ಲ.

ಒಂದು ಊರಿನಲ್ಲಿ ನಾನು ಸುಮ್ಮನಿರದೆ, ಮುಂಚೆಯೇ ಹೋಗಿ ಗಿರಣಿಯವನ ಕಿವಿಯಲ್ಲಿ, “ತಕ್ಕಡಿ ಚೆಕ್ ಮಾಡೂ ಆಫೀಸರ್ ಬಾಯಿ ಬರ್ಲಿಕತ್ತಾರ, ಕೈಯಾಗ ಡಬ್ಬಿ ಇರ್ತದ,” ಎಂದುಬಿಟ್ಟೆ. ಬಾಯಿಯವರು ಒಳಗೆ ಕಾಲಿಡುವ ಹೊತ್ತಿಗೆ ಅವನು ಬಾಗಿಲು ಎಳೆದುಕೊಂಡು ಮಾಯ. ಡಬ್ಬಿ ಹಿಡಿದ ಹೆಂಗಸರೆಲ್ಲ ಬೀದಿಯಲ್ಲಿ. ಯಾರ ಕೆಲಸ ಇದು ಎಂದು ಕೇಳಿದ್ದೇ ತಡ, ಎಲ್ಲ ಕೈಗಳೂ ನನ್ನ ಕಡೆ ತಿರುಗಿದವು. ಶಿಕ್ಷೆ ಏನು ಗೊತ್ತೇ? ಅಷ್ಟೂ ಹೆಂಗಸರನ್ನೂ ಅಷ್ಟೂ ಡಬ್ಬಿಗಳನ್ನೂ ಜೀಪಿನಲ್ಲಿ ಹೇರಿಕೊಂಡು ಪಕ್ಕದ ಊರಿನ ಗಿರಣಿಗೆ ಹೋಗಿ ಬೀಸಿಸಿಕೊಂಡು ಬಂದೆ. ದಾರಿಯುದ್ದಕ್ಕೂ ಆ ಹೆಂಗಸರು ಆಡಿದ ಮಾತು ಬಾಯಿಯವರಿಗೆ ಯಾವ ಗಿರಣಿಯಲ್ಲೂ ಸಿಕ್ಕಿರಲಿಲ್ಲ. ಆ ವರದಿ ನನ್ನಿಂದಲೇ ಚೆನ್ನಾಗಿ ಆಯಿತು. ವರದಿಯಲ್ಲಿ ನನ್ನ ಹೆಸರಿಲ್ಲ, ಹೋಗಲಿ ಬಿಡಿ.

ಅವರಿಗೆ ಸಿಟ್ಟು ಬಂದದ್ದನ್ನೂ ನೋಡಿದ್ದೇನೆ. ಶುಗರ್ ಇದ್ದವರಿಗೆ ಯಾರೋ ದೂರದಲ್ಲಿ ಕುಳಿತು ಊಟದ ಪಟ್ಟಿ ಅಚ್ಚು ಹಾಕಿಸಿದ್ದರು. ಅದರಲ್ಲಿ ಚಪಾತಿಯ ಚಿತ್ರ. ನಮ್ಮ ಹೆಂಗಸರು ಪಾಪ, ಶ್ರದ್ಧೆಯಿಂದ ಜೋಳದ ರೊಟ್ಟಿ ಬಿಟ್ಟು ಗೋಧಿ ತಂದು ಚಪಾತಿ ಸುಡಲು ಶುರುಮಾಡಿದರು. ರೊಟ್ಟಿಯಾದರೆ ಒಣದು, ಚಪಾತಿಯಾದರೆ ಮೇಲೊಂದಿಷ್ಟು ಎಣ್ಣೆ. ಬಾಯಿಯವರು ಆ ಪಟ್ಟಿಯನ್ನು ಕೈಯಲ್ಲಿ ಹಿಡಿದು, “ಹುಟ್ಟಿದಾಗಿಂದ ಛಲೋದು ತಿನ್ನಾಕತ್ತಿದ್ರು. ಅದನ್ನ ಬಿಡಿಸ್ಯಾರ ನೋಡು ಇವ್ರು,” ಎಂದರು. ಕಲಬುರಗಿ ಮುಟ್ಟುವವರೆಗೆ ಲವಂಗ ಕಟಕಟ ಕಡಿಯುವ ಸದ್ದು ಮಾತ್ರ.

ಇನ್ನು ಕಮಲಾಪುರ.

ನಮ್ಮ ಅಕ್ಕ ಇರುವುದು ಅಲ್ಲಿ. ಗಂಡನಿಗೆ ಒಂದು ತುಂಡು ಬಾಳೆ ತೋಟವಿದೆ, ಆಕೆಗೆ ಶುಗರ್ ಇದೆ. ಕೆಂಪು ಬಾಳೆಹಣ್ಣಿನಲ್ಲಿ ಶುಗರ್ ಇರುವುದಿಲ್ಲ, ಇರುವುದೆಲ್ಲ ಹಳದಿಯಲ್ಲೇ ಎಂಬುದು ಆಕೆಯೇ ಕಂಡುಹಿಡಿದ ಶಾಸ್ತ್ರ. ಬಸ್ಸು ಹತ್ತಿದರೆ ವಾಂತಿ, ಹಾಗಾಗಿ ಕಲಬುರಗಿಯ ಆಸ್ಪತ್ರೆ ಆಕೆಯ ಪಾಲಿಗೆ ಇಲ್ಲವೇ ಇಲ್ಲ. ಪಕ್ಕದ ಮನೆಯ ಕಾಶೀಬಾಯಿ ಹೀಗೇ ಹೋಗದೆ, ಮಾತ್ರೆ ಬಿಟ್ಟು, ಕಾಲಿನ ಹೆಬ್ಬೆರಳು ಕಳೆದುಕೊಂಡಿದ್ದಳು. ಅದಾದ ಮೇಲೆ ಒಂದು ಸಂಸ್ಥೆಯವರು ಬಸ್ ಸ್ಟ್ಯಾಂಡ್ ಬಳಿ ಒಂದು ಕೋಣೆ ಹಿಡಿದು, ನರ್ಸಮ್ಮನನ್ನು ಕೂಡಿಸಿ, ವಾರಕ್ಕೊಮ್ಮೆ ರಕ್ತ ನೋಡಿ ಮಾತ್ರೆ ಕೊಡಲು ಶುರುಮಾಡಿದರು. ಜೊತೆಗೆ, ಹೆಂಗಸರು ದಿನಾ ಬೆಳಿಗ್ಗೆ ಗುಂಪಾಗಿ ವಾಕಿಂಗ್ ಹೋಗಲಿ ಎಂದು ಬಿಳಿ ಬೂಟು, ಹಸಿರು ಟೋಪಿ ಹಂಚಿದರು. ಅಕ್ಕ ಟೋಪಿಯನ್ನು ಬೆದರುಗೊಂಬೆಗೆ ಹಾಕಿದಳು. ಬೂಟನ್ನು ಅಟ್ಟಕ್ಕೆ ಹಾಕಿದಳು.

ಒಂದು ದಿನ ಜೀಪಿನಲ್ಲಿ ಬಾಯಿಯವರು, “ನಾಳಿ ಕಮಲಾಪುರ. ವಾಕಿಂಗಿಗೆ ಒಬ್ಬಾಕಿನೂ ಬರಂಗಿಲ್ಲಂತ. ಹಂಗಿದ್ರ ನರ್ಸ್ ಕೂಡೂ ಆ ಕೋಲಿ ಬಂದ್ ಮಾಡಿ ಬ್ಯಾರೆ ಊರಿಗೆ ಒಯ್ತಾರಂತ. ನಾ ನೋಡಿ ಹೇಳಬೇಕು,” ಎಂದರು.

ನನಗೆ ಕಾಶೀಬಾಯಿಯ ಬೆರಳು ಕಣ್ಣಮುಂದೆ ಬಂತು. ಮನೆಗೆ ಬಂದವನೇ ಅಕ್ಕನಿಗೆ ಫೋನು ಹಚ್ಚಿದೆ.

“ಅಕ್ಕಾ, ನಾಳಿ ಮುಂಜಾನಿ ನಿಮ್ಮ ಓಣಿ ಹೆಣ್ಮಕ್ಕಳನ್ನೆಲ್ಲ ಕರಕೊಂಡು, ಬೂಟ ಹಾಕ್ಕೊಂಡು ರೋಡಿನ ಮ್ಯಾಲ ನಡೀಬೇಕು. ನಮ್ಮ ಜೀಪ್ ಬರ್ತದ.”

“ನಿನಗ ತಲಿ ಗಿಲಿ ಕೆಟ್ಟದೇನೋ? ಬೂಟ ಹಾಕ್ಕೊಂಡು ಹೊಂಟ್ರ ನಾಟಕದ ಕಂಪನಿ ಬಂತು ಅಂತಾರ ಮಂದಿ.”

“ನಡೀಲಿಲ್ಲಂದ್ರ ಕೋಲಿ ಹೋಗ್ತದ. ಆಮ್ಯಾಲ ವಾರಕ್ಕೊಮ್ಮೆ ಬಸ್ ಹತ್ತು, ಪಿಶವಿ ಹಿಡ್ಕೊಂಡು ವಾಂತಿ ಮಾಡ್ಕೋತ ಕಲಬುರಗಿಗಿ ಬಾ.”

ಅಕ್ಕ, “ಟೋಪಿ ಮಾತ್ರ ಹಾಕಂಗಿಲ್ಲ ನೋಡು,” ಎಂದಳು.

ಮರುದಿನ ಹುಮನಾಬಾದ್ ರಸ್ತೆ ಹಿಡಿದು ಹೋಗಿ ಊರು ಮುಟ್ಟಿದರೆ, ಎದುರಿಗೆ ನನ್ನ ಪಡೆ. ಇಳಕಲ್ ಸೀರೆ, ತಲೆಯ ಮೇಲೆ ಸೆರಗು, ಕೆಳಗೆ ಹಾಲಿನಂಥ ಬಿಳಿ ಬೂಟು. ಕೆಸರಿನಲ್ಲಿ ಇಳಿದ ಕೊಕ್ಕರೆಗಳ ಹಾಗೆ ಒಂದೊಂದೇ ಕಾಲೆತ್ತಿ ಇಡುತ್ತಿದ್ದರು. ಮುಂದೆ ನಮ್ಮ ಅಕ್ಕ, ದಂಡನಾಯಕಿ. ಚಹದ ಅಂಗಡಿಯ ಗಂಡಸರು ಕಪ್ಪು ಕೆಳಗಿಟ್ಟು ನೋಡುತ್ತಿದ್ದರು. ನನ್ನ ಜೀವನದಲ್ಲಿ ಇದಕ್ಕಿಂತ ಚೆಂದದ ಆಟ ಕಟ್ಟಿಲ್ಲ ಎಂದು ನಾನು ಒಳಗೊಳಗೇ ಬೀಗಿದೆ.

ಬಾಯಿಯವರು ಜೀಪಿನಿಂದ ಇಳಿದು ಸುಮ್ಮನೆ ನೋಡಿದರು. ಆಮೇಲೆ ನನ್ನ ಕಡೆ ತಿರುಗದೆಯೇ ಕೇಳಿದರು.

“ಏ ಖೋಡಿ, ಇದರಾಗ ನಿಮ್ಮ ಅಕ್ಕ ಯಾರು?”

“ಅಕ್ಕಾ? ಯಾವ ಅಕ್ಕಾರಿ?”

“ಮುಂದಿನಾಕಿ ನಿನ್ನ ಮಾರಿ ನೋಡಿ ಹಲ್ಲು ಕಚ್ಚಲಿಕತ್ತಾಳ. ಬ್ಯಾರೆದವ್ರು ಹಂಗ ನೋಡಂಗಿಲ್ಲ. ಆ ಹಿಂದಿನಾಕಿ ಎಡಗಾಲಿಂದು ಬಲಗಾಲಿಗಿ ಹಾಕ್ಕೊಂಡಾಳ. ಎಲ್ಲಾರ ಬೂಟಿನ ಅಟ್ಟಿ ಹಾಲಿನಂಗ ಅವ. ಒಂದು ದಿನಾನೂ ಮಣ್ಣು ಕಂಡಿಲ್ಲ.” ಲವಂಗವನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ಸರಿಸಿದರು. “ಬೂಟಿಗಿ ಸೊನ್ನೆ. ನಿನಗೂ ಸೊನ್ನೆ. ಅಂದ್ರ ಈ ಊರಾಗ ಯಾರೂ ನಡಿಯಂಗಿಲ್ಲ ಅಂತಾತು.”

ಕೋಣೆ ಹೋಯಿತು ಅಂದುಕೊಂಡೆ. ನಾನೇ ಕೈಯಾರೆ ಕಳೆದೆ.

ಬಾಯಿಯವರು ನರ್ಸಮ್ಮನ ಹತ್ತಿರ ಹೋದರು. ಆಕೆ ಕೇರಿಗೆಲ್ಲ ಬೇಕಾದ, ಸ್ವಲ್ಪ ಗಾಬರಿಯ ಹುಡುಗಿ.

“ಖರೇ ಹೇಳು ತಂಗಿ, ವಾಕಿಂಗಿಗೆ ಬರ್ತಾರೇನು?”

“ಇಲ್ಲರಿ ಮೇಡಂ. ಮೊದಲನೇ ದಿನ ಫೋಟೋಕ್ಕ ಬಂದಿದ್ರು, ಅಷ್ಟೇ.” ಆಕೆ ದನಿ ಇಳಿಸಿದಳು. “ಆದ್ರ ಒಂದು ತಿಳಿವಲ್ದುರಿ. ಎಲ್ಲಾರ ಶುಗರ್ ಬರೇ ಮಾತ್ರಿಗಿ ಇಳಿಯೂದಕಿಂತ ಹೆಚ್ಚು ಇಳದದ. ನಮ್ಮ ಆಫೀಸಿನವ್ರು ಮಷಿನ್ ಕೆಟ್ಟಿರ್ತದ ಅಂತ ಹೊಸಾದು ಕೊಟ್ರು. ಅದರಾಗೂ ಇಳದದ.”

ಬಾಯಿಯವರು ಲವಂಗ ಅಗಿಯುವುದನ್ನು ನಿಲ್ಲಿಸಿದರು. “ಡಬ್ಬಿ ತಗಿ,” ಎಂದರು ನನಗೆ.

ಅಕ್ಕನ ಓಣಿಯ ಗಿರಣಿಗೆ ಹೋದೆವು. ಅಲ್ಲಿ ಗಿರಣಿಯವನು ಒಬ್ಬನೇ ಕುಳಿತು ಆಕಳಿಸುತ್ತಿದ್ದ.

“ಹೆಣ್ಮಕ್ಕಳೆಲ್ಲ ಆ ತುದಿ ಗಿರಣಿಗೆ ಹೋಗ್ಲಿಕತ್ತಾರ್ರಿ. ಅಲ್ಲಿ ಕಲ್ಲು ಛಲೋ ಅದ ಅಂತ. ಅವಂದೂ ನಂದೂ ಕಲ್ಲು ಒಂದೇ ಲಾರಿಯಾಗ ಬಂದಾವ. ಏನ ಮಾಟ ಮಾಡ್ಯಾನೋ.”

ಬಸ್ ಸ್ಟ್ಯಾಂಡ್ ಹತ್ತಿರದ ಗಿರಣಿಯಲ್ಲೂ ಇದೇ ಗೋಳು. ಜೀಪು ಊರಿನ ಆ ತುದಿಗೆ ತಿರುಗಿತು. ದಾರಿಯಲ್ಲಿ ನಾವು ಯಾರನ್ನು ದಾಟಿದೆವು ಅಂತೀರಿ? ಅದೇ ನನ್ನ ಪಡೆ. ಬೂಟು ಕಳಚಿ ಎಲ್ಲೋ ಎಸೆದು, ಚಪ್ಪಲಿ ಮೆಟ್ಟಿ, ಸೊಂಟಕ್ಕೆ ಡಬ್ಬಿ ಏರಿಸಿಕೊಂಡು ಸರಸರ ಹೊರಟಿದ್ದರು. ಕೊಕ್ಕರೆಗಳೇ ಅಲ್ಲ ಅವರು.

ಊರು ಮುಗಿದು ತೊಗರಿ ಹೊಲ ಶುರುವಾಗುವಲ್ಲಿ ಆ ಗಿರಣಿ. ಬಾಯಿಯವರು ಚೀಲದ ಮೇಲೆ ಕುಳಿತು, ತಮ್ಮ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡರು. ಹೆಂಗಸರು ಬಂದರು. ಅಕ್ಕ ನನ್ನನ್ನು ಕಣ್ಣಲ್ಲೇ ಸುಟ್ಟು, ಬಾಯಿಯವರ ಪಕ್ಕ ಕುಳಿತಳು. ಬಾಯಿಯವರು ಆಕೆಯ ಡಬ್ಬಿಯೊಳಗೆ ಬಗ್ಗಿ ನೋಡಿದರು. ತಳದಲ್ಲಿ ಎರಡು ಮುಷ್ಟಿ ಜೋಳ.

“ಇಷ್ಟಕ್ಕ ಇಷ್ಟು ದೂರ ಬಂದ್ರೇನ್ರಿ, ಅಕ್ಕಾರ?”

“ದಿನಾ ಬರ್ತೀವ್ರಿ. ಹಿಟ್ಟು ಹಳೇದಾದ್ರ ರೊಟ್ಟಿ ಹರಿತಾವ. ನಮ್ಮ ಮನಿಯವ್ರಿಗಿ ತಾಜಾ ಹಿಟ್ಟಿಂದೇ ಆಗಬೇಕು.”

“ಓಣ್ಯಾಗ ಗಿರಣಿ ಅದಲ್ಲ?”

“ಅದರ ಕಲ್ಲು ಸುಮಾರದರಿ.”

“ಬಸ್ ಸ್ಟ್ಯಾಂಡ್ ಬಾಜೂಕಿಂದು?”

“ಅದೂ ಸುಮಾರೇ.”

“ಎರಡು ಗಿರಣಿ ದಾಟಿ, ಎರಡು ಮುಷ್ಟಿ ಜೋಳ ಹೊತ್ಕೊಂಡು, ದಿನಾ?”

ಅಕ್ಕ ಬಾಯಿಯವರ ತೊಡೆಯ ಮೇಲಿನ ಡಬ್ಬಿಯನ್ನು ನೋಡಿದಳು. ಆಮೇಲೆ ಅವರ ಮುಖ ನೋಡಿದಳು.

“ಬಾಯಿಯವ್ರ, ನಿಮ್ಮ ಖೂಬಾ ಪ್ಲಾಟಿನ್ಯಾಗ ಗಿರಣಿ ಇಲ್ಲೇನ್ರಿ?”

ಗಿರಣಿಯ ಪಟ್ಟಿ ಪಟಪಟ ಹೊಡೆದುಕೊಳ್ಳುತ್ತಿತ್ತು. ನನ್ನ ಬಾಯಿಯವರನ್ನು ಒಂದು ಪ್ರಶ್ನೆ ಕೇಳಿ ಬಾಯಿ ಮುಚ್ಚಿಸಿದವರನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಮೊದಲು ಅವರ ಹೆಗಲು ಅಲುಗಿತು, ಆಮೇಲೆ ಹೊಟ್ಟೆ, ಆಮೇಲೆ ಕುಳಿತಿದ್ದ ಚೀಲವೇ ಅಲುಗಿ ಹಿಟ್ಟಿನ ಧೂಳು ಎದ್ದಿತು. ನಗುತ್ತಾ ನಗುತ್ತಾ ಲವಂಗ ನುಂಗಿಬಿಟ್ಟರು. ಹೆಂಗಸರೂ ನಕ್ಕರು.

“ಕೈ ಬೀಸ್ಕೋತ ಹೊಂಟ್ರ ಎಲ್ಲಿ ಹೊಂಟಿ, ಯಾಕ ಹೊಂಟಿ ಅಂತ ಊರೆಲ್ಲ ಕೇಳ್ತದರಿ,” ಎಂದಳು ಅಕ್ಕ. “ಡಬ್ಬಿ ಇದ್ರ ಒಬ್ಬರೂ ಕೇಳಂಗಿಲ್ಲ. ಸಿಸ್ಟರ್ ನಡೀರಿ ಅಂದಳು, ನಡದೀವಿ. ಬೂಟ ಹಾಕ್ಕೊಂಡು ಬರೀ ಕೈಲೆ ನಡೀರಿ ಅಂದ್ರ ಆಗಂಗಿಲ್ಲರಿ, ಅದು ಕೆಲಸಿಲ್ಲದವ್ರ ಕೆಲಸ.”

“ನನಗೂ ಯಾಕ ಹೇಳಲಿಲ್ಲ?” ಎಂದೆ ನಾನು.

“ನಿನಗ ಹೇಳೂದೂ ಒಂದೇ, ಡಂಗುರ ಸಾರೂದೂ ಒಂದೇ.”

ಅಷ್ಟರಲ್ಲಿ ಆಕೆಯ ನಗು ಇಳಿಯಿತು. ಬಾಯಿಯವರ ಕೈ ಹಿಡಿದುಕೊಂಡಳು. “ಇದನ್ನ ಬರೀಬ್ಯಾಡ್ರಿ. ಬರದ್ರ ಊರಾಗೆಲ್ಲ ಗೊತ್ತಾಗ್ತದ. ಗಂಡಸರು ಓಣಿ ಗಿರಣಿಗೇ ಹೋಗು ಅಂತಾರ. ಬರೀಲಿಲ್ಲಂದ್ರ ಕೋಲಿ ಹೋಗ್ತದ. ಏನ ಮಾಡ್ತೀರಿ ನೋಡ್ರಿ.”

ಬಾಯಿಯವರು ಸರದಿ ಬರುವವರೆಗೆ ಯೋಚಿಸಿದರು. ಜೋಳ ಬೀಸಿಸಿಕೊಂಡರು. ಎದ್ದು ನಿಂತು ಹೇಳಿದರು: “ನಡಿಯೂದಕ್ಕ ಉಪಯೋಗ ಐದು, ಒಗ್ಗೂದು ಐದು.” ಅವರು ಹತ್ತಕ್ಕೆ ಹತ್ತು ಕೊಟ್ಟದ್ದನ್ನು ನಾನು ಕಂಡದ್ದು ಅದೊಂದೇ ಸಲ.

ವರದಿಯಲ್ಲಿ ಬರೆದದ್ದನ್ನು ಆಮೇಲೆ ನನಗೆ ಓದಿ ಹೇಳಿದರು. ಈ ಊರಿನ ಹೆಂಗಸರಿಗೆ ಬೂಟೂ ಬೇಡ, ವಾಕಿಂಗಿನ ಗುಂಪೂ ಬೇಡ. ಮನೆಗೆಲಸದಲ್ಲೇ ಅವರಿಗೆ ಬೇಕಾದಷ್ಟು ನಡಿಗೆ ಇದೆ. ಕೋಣೆಯಿಂದ ಉಪಯೋಗವಾಗಿದೆ, ಅದನ್ನು ಮುಚ್ಚಬಾರದು. ಆದರೆ ಬಸ್ ಸ್ಟ್ಯಾಂಡಿನಿಂದ ತೆಗೆದು ಊರಾಚೆಯ ಗಿರಣಿಯ ಪಕ್ಕಕ್ಕೆ ಹಾಕಬೇಕು, ಅಲ್ಲಿ ಗಾಳಿ ಬೆಳಕು ಚೆನ್ನಾಗಿದೆ. ಒಂದಕ್ಷರ ಸುಳ್ಳಿಲ್ಲ. ಸುಳ್ಳು ಹೇಳದೆ ಮುಚ್ಚಿಡುವುದು ಹೇಗೆಂದು ನಾನು ಕಲಿತದ್ದು ಅವತ್ತೇ, ಆದರೆ ನನ್ನ ಸ್ವಭಾವಕ್ಕೆ ಅದು ಒಗ್ಗಲಿಲ್ಲ.

ಕೋಣೆ ಈಗಲೂ ಇದೆ, ಗಿರಣಿಯ ಮಗ್ಗುಲಿಗೆ. ಅಕ್ಕನ ಕಾಲಿನ ಹತ್ತೂ ಬೆರಳು ಇವೆ. ಗುಟ್ಟನ್ನು ನಾನೀಗ ಯಾಕೆ ಬಯಲು ಮಾಡಿದೆ ಅಂತೀರಾ? ಮೊನ್ನೆ ಅಕ್ಕನ ಗಂಡನ ಹತ್ತಿರ ಮಾತು ತೆಗೆದೆ. ಅವರು ಬಾಳೆಗೊನೆಗೆ ಹುಲ್ಲು ಸುತ್ತುತ್ತ, “ಗೊತ್ತದೋ. ಮೊದಲಿಂದ ಗೊತ್ತದ. ಕೇಳಿದ್ರ ಆಕಿ ಹೋಗೂದು ಬಿಡ್ತಿದ್ಲು, ಅದಕ್ಕ ಕೇಳಲಿಲ್ಲ,” ಎಂದರು. ಊರಿನ ಗಂಡಸರಿಗೆಲ್ಲ ಗೊತ್ತಂತೆ. ಗೊತ್ತಿಲ್ಲದವನು ಓಣಿಯ ಗಿರಣಿಯವನೊಬ್ಬನೇ, ಅವನು ಇನ್ನೂ ಮಾಟ ಬಿಡಿಸುವವರನ್ನು ಹುಡುಕುತ್ತಿದ್ದಾನೆ.

ಕಮಲಾಪುರದಿಂದ ವಾಪಸು ಬರುವಾಗ ಬಾಯಿಯವರು ಎಂದೂ ಇಲ್ಲದೆ ಮುಂದಿನ ಸೀಟಿನಲ್ಲಿ ಕುಳಿತರು. ಬೆಚ್ಚಗಿನ ಹಿಟ್ಟಿನ ವಾಸನೆ ಜೀಪಿನ ತುಂಬ. “ಅಕ್ಕನ ಸಲುವಾಗಿ ಅಷ್ಟು ಮಂದಿಗಿ ಬೂಟ ಹಾಕ್ಸಿದ್ಯಲ್ಲೋ ಖೋಡಿ,” ಎಂದರು. ಆಗಲೇ ಮಾರ್ಕ್ಸು ಕೊಟ್ಟದ್ದು. ಒಂಬತ್ತು.

ಅವರ ದಿನಕರ್ಮ ಮುಗಿದ ಮೇಲೆ ಮಗಳು ಆ ಡಬ್ಬಿಯನ್ನು ತಂದು ನನ್ನ ಕೈಗೆ ಕೊಟ್ಟಳು. “ಕಾಕಾ, ಇದು ನಮ್ಮ ಮನ್ಯಾಗಿನಕಿಂತ ನಿಮ್ಮ ಜೀಪಿನ್ಯಾಗೇ ಹೆಚ್ಚಿತ್ತು.” ನಾನು ಒಯ್ದು ಅಕ್ಕನಿಗೆ ಕೊಟ್ಟೆ. ಡಬ್ಬಿ ದೊಡ್ಡದು, ಅಕ್ಕನ ಜೋಳ ಅದೇ ಎರಡು ಮುಷ್ಟಿ. ಬೆಳಿಗ್ಗೆ ಆಕೆ ಹೊರಟರೆ ಒಳಗಿನ ಕಾಳು ಗಡಗಡ ಸದ್ದು ಮಾಡುತ್ತದೆ, ಇಡೀ ಓಣಿಗೆ ಕೇಳುತ್ತದೆ. ಎಲ್ಲಿ ಹೊಂಟಿ ಎಂದು ಇವತ್ತಿಗೂ ಯಾರೂ ಕೇಳುವುದಿಲ್ಲ.

ಇಷ್ಟೂ ಖರೇ. ಬೂಟು ಖರೇ, ಗಿರಣಿ ಖರೇ, ಅಕ್ಕನ ಪ್ರಶ್ನೆ ಖರೇ. ಒಂದನ್ನು ಮಾತ್ರ ನಾನು ಸೇರಿಸಿದೆ: ಆ ಒಂಬತ್ತು. ಒಂಬತ್ತು ಕೊಡಲಿಲ್ಲ ಅವರು. ಐದೇ ಕೊಟ್ಟದ್ದು.

“ಉಪಯೋಗಕ್ಕ ಸೊನ್ನೆ,” ಅಂದಿದ್ದರು. “ಒಗ್ಗೂದಕ್ಕ ಐದಕ್ಕ ಐದು.”